ಗುಡ್ಡದ ನೆತ್ತಿಗೆ ಬಿದ್ದ ತೂತು: ಸಿಲ್ಬರಿ ಹಿಲ್ ರಿಪೇರಿಯ ಪ್ರಕರಣ

2000ನೇ ಇಸವಿ, ಮೇ 29. ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯಲ್ಲಿ, ಏವ್‌ಬರಿ ಹಳ್ಳಿಯ ಹತ್ತಿರ ಸಿಲ್ಬರಿ ಹಿಲ್ ಅಂತ ಒಂದು ಗುಡ್ಡ ಇದೆ. ಅವತ್ತು ಅದರ ನೆತ್ತಿಯಲ್ಲಿ ನೆಲ ಕುಸಿಯಿತು. ಗುಂಡಿಯ ಬಾಯಿ ಅಷ್ಟೇನೂ ದೊಡ್ಡದಲ್ಲ. ಆದರೆ ಇಣುಕಿದರೆ ಹತ್ತು ಮೀಟರಿಗೂ ಜಾಸ್ತಿ ಆಳ, ನೆಟ್ಟಗೆ ಕೆಳಕ್ಕೆ. ಭೂಕಂಪ ಆಗಿರಲಿಲ್ಲ. ಯಾರೂ ಅಗೆಯುತ್ತಲೂ ಇರಲಿಲ್ಲ.

ಬೇರೆ ಗುಡ್ಡವಾಗಿದ್ದರೆ ನಾಲ್ಕು ಲೋಡು ಮಣ್ಣು ಸುರಿದು ಸುಮ್ಮನಾಗಬಹುದಿತ್ತು. ಇದು ಹಾಗಲ್ಲ. ಇದು ತಾನಾಗಿ ಹುಟ್ಟಿದ ಗುಡ್ಡವಲ್ಲ, ಮನುಷ್ಯರು ಹೊತ್ತು ಹಾಕಿದ್ದು. ಕ್ರಿ.ಪೂ. 2400ರ ಆಸುಪಾಸಿನದು. ಇತಿಹಾಸಪೂರ್ವ ಕಾಲದ ಜನ ಯುರೋಪಿನಲ್ಲಿ ಎಬ್ಬಿಸಿದ ದಿಬ್ಬಗಳಲ್ಲಿ ಇದೇ ದೊಡ್ಡದು. 1882ರಿಂದ ಕಾನೂನಿನ ರಕ್ಷಣೆ ಇದೆ. 1986ರಲ್ಲಿ ಸ್ಟೋನ್‌ಹೆಂಜ್ ಮತ್ತು ಏವ್‌ಬರಿಯ ಕಲ್ಲುವೃತ್ತಗಳ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿದೆ. ಇಷ್ಟೆಲ್ಲ ಇದ್ದ ಗುಡ್ಡದ ತೂತು ಸರಿಯಾಗಿ ಮುಚ್ಚುವ ಹೊತ್ತಿಗೆ 2008 ಬಂದಿತ್ತು.

ಎಂಟು ವರ್ಷ ಯಾಕೆ ಬೇಕಾಯಿತು ಅನ್ನೋದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುಳು ಇಷ್ಟೇ. ಸಿಲ್ಬರಿಗೆ ಜಾಸ್ತಿ ಪೆಟ್ಟು ಕೊಟ್ಟವರು ಕಳ್ಳರೂ ಅಲ್ಲ, ಉಳುವ ರೈತರೂ ಅಲ್ಲ. ಅದರೊಳಗೆ ಏನಿದೆ ಅಂತ ತಿಳಿಯಲು ಹೊರಟ ದೊಡ್ಡ ಮನುಷ್ಯರು. ಅವರು ಅಗೆದರು ಅನ್ನೋದು ತಕರಾರಲ್ಲ. ಅಗೆದದ್ದನ್ನು ಮುಚ್ಚಲಿಲ್ಲ ಅನ್ನೋದು ತಕರಾರು.

ಗುಡ್ಡ ಎಂಥದ್ದು

ಎತ್ತರ ಸುಮಾರು 30 ಮೀಟರ್. ಬುಡದ ಅಗಲ 160 ಮೀಟರಿಗೂ ಮೇಲೆ. ಹತ್ತಿರ ಹತ್ತಿರ ಐದು ಎಕರೆ ಜಾಗ. ತೂಕ ಐದು ಲಕ್ಷ ಟನ್ ಅಂತ ಅಂದಾಜು. ಬಹುಪಾಲು ಬಿಳಿ ಸೀಮೆಸುಣ್ಣದ ಕಲ್ಲು, ಯಾಕೆಂದರೆ ಆ ಸೀಮೆಯ ನೆಲವೇ ಅದು. ಒಂದು ಅಡಿ ಮಣ್ಣು ಸರಿಸಿದರೆ ಕೆಳಗೆ ಬೆಳ್ಳಗೆ ಕಾಣುತ್ತದೆ. ಗುಡ್ಡದ ಸುತ್ತ ದೊಡ್ಡ ಕಂದಕ ತೋಡಿ, ಅಲ್ಲಿ ಸಿಕ್ಕ ಕಲ್ಲನ್ನೇ ಮೇಲಕ್ಕೆ ಹೊತ್ತಿದ್ದಾರೆ. ಮಳೆಗಾಲ ಜೋರಾದರೆ ಆ ಕಂದಕದಲ್ಲಿ ಈಗಲೂ ನೀರು ನಿಲ್ಲುತ್ತದೆ.

ಕಬ್ಬಿಣ ಇನ್ನೂ ಬಂದಿರಲಿಲ್ಲ. ಜಿಂಕೆ ಕೊಂಬೇ ಪಿಕಾಸಿ. ಒಂದು ಹಳೆಯ ಲೆಕ್ಕದ ಪ್ರಕಾರ 500 ಜನ ದುಡಿದರೂ 15 ವರ್ಷ ಹಿಡಿಯುವ ಕೆಲಸ. ಈ ಥರದ ಲೆಕ್ಕಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಯಾರೂ ದಿನಗೂಲಿಗೆ ಬಂದವರಲ್ಲ, ಹಾಜರಿ ಪುಸ್ತಕ ಇಟ್ಟವರೂ ಅಲ್ಲ. ಆದರೂ ಕೆಲಸದ ಗಾತ್ರ ಗೊತ್ತಾಗುತ್ತದೆ ಅಲ್ವಾ?

ಇನ್ನೊಂದು ಮಾತು. ಸುಮ್ನೆ ರಾಶಿ ಸುರಿದಿದ್ದರೆ ಇಷ್ಟು ಕಡಿದಾದ ದಿಬ್ಬ ಇಷ್ಟು ಕಾಲ ನಿಲ್ಲುತ್ತಿರಲಿಲ್ಲ, ಜಾರಿಹೋಗುತ್ತಿತ್ತು. ಕಟ್ಟಿದವರು ಒಳಗೆ ಸೀಮೆಸುಣ್ಣದ ಗಟ್ಟಿ ಹೆಂಟೆಗಳಿಂದ ತಡೆಗೋಡೆ ಎಬ್ಬಿಸಿ, ಅವುಗಳ ನಡುವೆ ಪುಡಿಗಲ್ಲು ತುಂಬಿದ್ದಾರೆ. ಹೀಗೆ ಹಂತ ಹಂತವಾಗಿ ಮೇಲೇರಿದ್ದಾರೆ. ನಾಲ್ಕು ಸಾವಿರದ ನಾನೂರು ವರ್ಷದ ಮಳೆ, ಹಿಮ, ಕುರಿಗಳ ಕಾಲು ಎಲ್ಲವನ್ನೂ ಅದು ತಡೆದುಕೊಂಡಿತು.

ಅದೇ ಹೊತ್ತಿಗೆ ಈಜಿಪ್ಟಿನಲ್ಲಿ ದೊಡ್ಡ ಪಿರಮಿಡ್ಡುಗಳು ಆಗಲೇ ಎದ್ದು ನಿಂತಿದ್ದವು. ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ದನಗಾಹಿಗಳು ದೊಡ್ಡಿಯ ಸಗಣಿ ಸುಟ್ಟು ಬೂದಿದಿಬ್ಬ ಎಬ್ಬಿಸುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ.

ಊರಿನವರ ಕತೆ ಬೇರೆ. ಸಿಲ್ ಅನ್ನೋ ರಾಜನನ್ನು ಕುದುರೆ ಸಮೇತ ಇಲ್ಲಿ ಹೂತಿದ್ದಾರೆ, ಮೈತುಂಬ ಚಿನ್ನ ಇದೆ ಅಂತ. ಸೈತಾನ ಒಂದು ಊರನ್ನು ಹೂತುಹಾಕಲು ಮಣ್ಣು ಹೊತ್ತು ಹೊರಟಿದ್ದ, ನಡುದಾರಿಯಲ್ಲಿ ಚೆಲ್ಲಿಬಿಟ್ಟ ಅನ್ನುವುದು ಇನ್ನೊಂದು ಕತೆ. ಸೈತಾನನ ಕತೆಯಿಂದ ಗುಡ್ಡಕ್ಕೆ ಏನೂ ಆಗಲಿಲ್ಲ. ಚಿನ್ನದ ಕತೆ ಮಾತ್ರ ದುಬಾರಿ ಬಿತ್ತು. ನಿಧಿ ಅನ್ನುವ ಮಾತು ಎಲ್ಲ ಊರಲ್ಲೂ ಹಾಗೇ.

ಅಗೆದವರ ಸಾಲು

ಮೊದಲು 1776. ನಾರ್ದಂಬರ್ಲೆಂಡಿನ ಡ್ಯೂಕ್ ಮತ್ತು ಕರ್ನಲ್ ಡ್ರಾಕ್ಸ್ ಸೇರಿ ಕಾರ್ನ್‌ವಾಲ್‌ನ ಗಣಿ ಕೆಲಸಗಾರರನ್ನು ಕರೆಸಿದರು. ನೆತ್ತಿಯಿಂದ ಬುಡದವರೆಗೆ ನೇರ ಬಾವಿ ತೋಡಿಸಿದರು. ರಾಜನೂ ಸಿಗಲಿಲ್ಲ, ಕುದುರೆಯೂ ಸಿಗಲಿಲ್ಲ. ಬಾವಿಯನ್ನು ತಳದಿಂದ ಗಟ್ಟಿಯಾಗಿ ತುಂಬಿಸುವ ಗೋಜಿಗೆ ಅವರು ಹೋಗಲಿಲ್ಲ. ನಮ್ಮಲ್ಲಿ ನೀರು ಬಾರದ ಕೊಳವೆಬಾವಿಯ ಬಾಯಿಗೆ ಒಂದು ಗೋಣಿಚೀಲ, ನಾಲ್ಕು ಕಲ್ಲು ಇಟ್ಟು ನಡೆದುಬಿಡುವವರಿಲ್ವಾ, ಆ ಪೈಕಿ. 2000ದಲ್ಲಿ ಕುಸಿದದ್ದು ಇದೇ ಬಾವಿ.

ಆಮೇಲೆ 1849. ಹೆರೆಫೋರ್ಡ್ ಚರ್ಚಿನ ಡೀನ್ ಜಾನ್ ಮೆರಿವೆದರ್ ಪಕ್ಕದಿಂದ ಅಡ್ಡ ಸುರಂಗ ಕೊರೆಸಿದರು. ನಡುಭಾಗ ತಲುಪಿ ಅಲ್ಲಿ ಏನೂ ಕಾಣದೆ ಅತ್ತಿತ್ತ ಕವಲು ತೆಗೆಸಿದರು. ಜಿಂಕೆ ಕೊಂಬು ಸಿಕ್ಕಿತು, ಪಾಚಿ ಸಿಕ್ಕಿತು, ಹುಲ್ಲು ಸಿಕ್ಕಿತು. ಸಮಾಧಿ ಇಲ್ಲ. ಸುರಂಗವನ್ನು ಹಾಗೇ ಬಿಟ್ಟು ಹೋದರು.

ಇಲ್ಲಿ ಒಂದು ಉಪಕತೆ ಹೇಳಲೇಬೇಕು, ನಮ್ಮ ಸೀಮೆಗೂ ಸಂಬಂಧ ಇದೆ. ಜೇಮ್ಸ್ ಫರ್ಗುಸನ್ ಅಂತ ಒಬ್ಬರು. ಕಲ್ಕತ್ತಾದಲ್ಲಿ ಬಟ್ಟೆಗೆ ಹಾಕುವ ನೀಲಿ ಬಣ್ಣದ (ಇಂಡಿಗೋ) ವ್ಯಾಪಾರ ಮಾಡಿ ದುಡ್ಡು ಸಂಪಾದಿಸಿ, ಆಮೇಲೆ ಭಾರತದ ಹಳೆಯ ಕಟ್ಟಡಗಳ ಹಿಂದೆ ಬಿದ್ದವರು. ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋಗಳ ದೊಡ್ಡ ಪುಸ್ತಕ 1866ರಲ್ಲಿ ಬಂದಾಗ ಅದಕ್ಕೆ ವಾಸ್ತುಶಿಲ್ಪದ ಟಿಪ್ಪಣಿ ಬರೆದವರು ಇವರೇ. ಸಿಲ್ಬರಿ, ಏವ್‌ಬರಿ ಎಲ್ಲ ರೋಮನ್ನರ ನಂತರದವು ಅಂತ ಅವರ ವಾದ. ಸಿಲ್ಬರಿ ರೋಮನ್ನರ ರಸ್ತೆಯ ಮೇಲೆಯೇ ಕೂತಿದೆ ಅಂದರು. ವಿಲ್ಟ್‌ಶೈರಿನ ಪುರಾತತ್ವ ಸಂಘದವರು ಬಿಡುತ್ತಾರಾ? 1867ರಲ್ಲಿ ಗುಡ್ಡದ ಪೂರ್ವದ ಬದಿ ಅಗೆದು ನೋಡಿದರು. ಕೆಳಗೆ ರಸ್ತೆ ಇರಲಿಲ್ಲ. ರೋಮನ್ ರಸ್ತೆ ಗುಡ್ಡದ ದಕ್ಷಿಣಕ್ಕೆ ಸರಿದು ಹೋಗುತ್ತದೆ. ಗುಡ್ಡ ಮೊದಲೇ ಇತ್ತು, ರಸ್ತೆ ಮಾಡಿದವರೇ ಬಳಸಿಕೊಂಡು ಹೋದರು ಅಂತ ಆಯಿತು.

ಅದೇ ಧಾರವಾಡದ ಪುಸ್ತಕಕ್ಕೆ ಚರಿತ್ರೆಯ ಭಾಗ ಬರೆದವರು ಮೆಡೋಸ್ ಟೇಲರ್, ಸುರಪುರದಲ್ಲಿ ಅಧಿಕಾರಿಯಾಗಿದ್ದವರು. ಭೀಮಾ ತೀರದ ಜೇವರ್ಗಿ ಕಡೆ ಕಲ್ಲುವೃತ್ತದ ಗೋರಿಗಳನ್ನು ಅಗೆಸಿ, ಯಾವ ಪದರದ ಕೆಳಗೆ ಯಾವ ಪದರ ಇದೆ ಅಂತ ಕೊಯ್ದ ಹಾಗೆ ಚಿತ್ರ ಬರೆದಿಟ್ಟರು. ಆ ಕಾಲಕ್ಕೆ ಅದು ಅಪರೂಪ. ನೂರು ವರ್ಷ ಕಳೆದ ಮೇಲೆ ಹೆಸರಾಂತ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದನ್ನು ಮೆಚ್ಚಿ ಹೇಳಿದ್ದಾರೆ. ಸಿಲ್ಬರಿಗೂ ಅಂಥ ಒಬ್ಬರು ಆಗಲೇ ಸಿಕ್ಕಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು ಅಂತ ನನಗನ್ನಿಸುತ್ತದೆ.

1870ರ ದಶಕದಲ್ಲಿ ಜಾನ್ ಲಬಕ್ ಎಂಬ ಬ್ಯಾಂಕರ್, ಸಂಸದ, ಸಿಲ್ಬರಿಯನ್ನು ಕೊಂಡುಕೊಂಡರು. ಏವ್‌ಬರಿಯ ಕಲ್ಲುಗಳ ನಡುವೆ ಮನೆ ಕಟ್ಟಲು ಹೊರಟಿದ್ದನ್ನು ತಡೆಯಲು ಅಲ್ಲಿಯ ಜಾಗವನ್ನೂ ಕೊಂಡವರು ಅವರು. ಬ್ರಿಟನ್ನಿನ ಮೊದಲ ಸ್ಮಾರಕ ರಕ್ಷಣಾ ಕಾನೂನು 1882ರಲ್ಲಿ ಬಂದದ್ದೂ ಅವರ ಹಟದಿಂದ. ಅದರ ಮೊದಲ ಪಟ್ಟಿಯಲ್ಲೇ ಸಿಲ್ಬರಿ ಇತ್ತು. ಆ ಕಾನೂನಿಗೆ ಹಲ್ಲು ಕಡಿಮೆ, ಮಾಲೀಕ ಒಪ್ಪಿದರೆ ಮಾತ್ರ ಸರ್ಕಾರ ಕೈ ಹಾಕಬಹುದಿತ್ತು. ಆದರೂ ಅಲ್ಲಿಂದ ಮುಂದೆ ಗುಡ್ಡ ಭದ್ರ ಅಂತ ಎಲ್ಲರೂ ಅಂದುಕೊಂಡರು.

ಹಾಗಿದ್ದರೂ 1922ರಲ್ಲಿ ಈಜಿಪ್ಟಿನಲ್ಲಿ ಅಗೆದು ಹೆಸರಾದ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಬುಡದಲ್ಲಿ ಬಾಗಿಲು ಹುಡುಕಿ ಅಗೆದರು. ಪಿರಮಿಡ್ಡುಗಳಲ್ಲಿ ಕೆಲಸ ಮಾಡಿದವರಿಗೆ ಎಲ್ಲ ಕಡೆ ಬಾಗಿಲು ಇರಬೇಕು ಅನ್ನಿಸಿದ್ದರೆ ಆಶ್ಚರ್ಯ ಇಲ್ಲ. ಸಿಗಲಿಲ್ಲ.

ದೊಡ್ಡ ಅಗೆತ 1968ರದ್ದು. ಕಾರ್ಡಿಫ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಿಚರ್ಡ್ ಅಟ್ಕಿನ್ಸನ್ ಮುಂದಾಳು. ಹಣದ ಬೆಂಬಲ ಬಿಬಿಸಿಯದ್ದು. 1849ರ ಸುರಂಗದ ಹತ್ತಿರದಲ್ಲೇ ಹೊಸ ಸುರಂಗ ಕೊರೆದು, ಒಳಗೆ ಉಕ್ಕಿನ ಕಮಾನುಗಳ ಆಸರೆ ಕೊಟ್ಟು ನಡುಭಾಗಕ್ಕೆ ಹೋದರು. ಟಿವಿ ಮುಂದೆ ಜನ ಕಾದು ಕೂತರು. ಬೆಟ್ಟ ಅಗೆದು ಇಲಿ ಹಿಡಿದರು ಅಂತ ಗಾದೆ ಇದೆ. ಇಲ್ಲಿ ಇಲಿಯೂ ಇಲ್ಲ ಅಂತ ಪತ್ರಿಕೆಗಳು ಗೇಲಿ ಮಾಡಿದವು.

ಗೇಲಿ ಮಾಡಿದ್ದು ತಪ್ಪು. ಅಟ್ಕಿನ್ಸನ್‌ಗೆ ಚಿನ್ನ ಸಿಗಲಿಲ್ಲ ನಿಜ, ಆದರೆ ಗುಡ್ಡ ಒಂದೇ ಸಲ ಎದ್ದದ್ದಲ್ಲ, ಹಂತ ಹಂತವಾಗಿ ಬೆಳೆದದ್ದು ಅಂತ ಗೊತ್ತಾಯಿತು. ಮೂರು ಹಂತ ಅಂತ ಅವರು ಗುರುತಿಸಿದರು. ಬುಡದ ಹುಲ್ಲುಹೆಂಟೆಗಳಲ್ಲಿ ರೆಕ್ಕೆ ಬಂದ ಇರುವೆಗಳು ಸಿಕ್ಕವು. ಅಲ್ಲಿ ಇರುವೆಗೆ ರೆಕ್ಕೆ ಬರೋದು ಬೇಸಿಗೆಯ ಕೊನೆಗೆ. ಹಾಗಾಗಿ ಕೆಲಸ ಶುರುವಾದದ್ದು ಜುಲೈ ಕೊನೆ, ಆಗಸ್ಟ್ ಸುಮಾರಿಗೆ ಅಂತ ಲೆಕ್ಕ ಹಾಕಿದರು.

ತೊಂದರೆ ಆದದ್ದು ಆಮೇಲೆ. 1970ಕ್ಕೆ ಕೆಲಸ ನಿಂತಿತು. ಸುರಂಗವನ್ನು ಪೂರ್ತಿ ತುಂಬಲಿಲ್ಲ. ಕಮಾನುಗಳು ಒಳಗೇ ಉಳಿದವು. ಪೂರ್ಣ ವರದಿಯನ್ನು ಅಟ್ಕಿನ್ಸನ್ ಬರೆಯಲೇ ಇಲ್ಲ. ಅವರು 1994ರಲ್ಲಿ ತೀರಿಕೊಂಡರು. ಅವರು ಬಿಟ್ಟ ಕಾಗದಗಳನ್ನು ಸೇರಿಸಿ ಪುರಾತತ್ವಜ್ಞ ಅಲಸ್ಡೇರ್ ವಿಟಲ್ ವರದಿ ಹೊರತಂದದ್ದು 1997ರಲ್ಲಿ. ಮೂರು ವರ್ಷ ಕಳೆದರೆ ಗುಂಡಿ ಬಿತ್ತು.

ನನಗೆ ಎದ್ದು ಕಾಣುವುದು ಇದು. 1776, 1849ರವರಿಗೆ ಕಾನೂನು ಇರಲಿಲ್ಲ, ತಿಳಿವಳಿಕೆಯೂ ಕಡಿಮೆ. 1968ರವರಿಗೆ ಎರಡೂ ಇತ್ತು. ಲಿಖಿತ ಅನುಮತಿ, ಒಳ್ಳೆ ಪ್ರೊಫೆಸರ್, ಟಿವಿ ಕ್ಯಾಮೆರಾ ಎಲ್ಲ ಇತ್ತು. ರಕ್ಷಿತ ಸ್ಮಾರಕ ಅಂದರೆ ಅನುಮತಿ ಇಲ್ಲದವರಿಂದ ಮಾತ್ರ ರಕ್ಷಣೆ. ಅನುಮತಿ ಪಡೆದು ಬಂದವರು ಹೋಗುವಾಗ ಬಾಗಿಲು ಹಾಕಿದರಾ ಅಂತ ನೋಡುವವರು ಬೇಕಿತ್ತು.

ಟೊಳ್ಳು ಮೇಲೇರುವ ಬಗೆ

ಗುಡ್ಡದೊಳಗೆ ಮೂವತ್ತು ಮೀಟರ್ ಕೆಳಗೆ ಸುರಂಗ ಖಾಲಿ ಇದ್ದರೆ ನೆತ್ತಿಗೆ ಏನಾಗಬೇಕು ಅಂತ ಕೇಳಬಹುದು. ಆಗುವುದು ಹೀಗೆ. ಸುರಂಗದ ಮಾಡಿನಿಂದ ಒಂದಿಷ್ಟು ಸೀಮೆಸುಣ್ಣ ಉದುರುತ್ತದೆ. ಉದುರಿದ ಜಾಗ ಟೊಳ್ಳಾಯಿತು. ಆ ಟೊಳ್ಳಿಗೂ ಒಂದು ಮಾಡು, ಅದೂ ಉದುರುತ್ತದೆ. ಹೀಗೆ ಕೆಳಗೆ ಕಸ ತುಂಬುತ್ತಾ, ಖಾಲಿ ಜಾಗ ಒಂದೊಂದೇ ಅಡಿ ಮೇಲಕ್ಕೆ ಹತ್ತುತ್ತದೆ. ಹೊರಗಿನಿಂದ ನೋಡುವವರಿಗೆ ಹುಲ್ಲು ಹಸಿರಾಗೇ ಇರುತ್ತದೆ.

ಉದುರಿದ ಕಲ್ಲು ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಹಾಗಾಗಿ ಎಷ್ಟೋ ಸಲ ಟೊಳ್ಳು ತಾನೇ ಕಟ್ಟಿಕೊಂಡು ನಿಲ್ಲುತ್ತದೆ. ಆದರೆ ಇಲ್ಲಿ ನೇರ ಬಾವಿ ಇದೆ, ಅದರ ಬುಡದಲ್ಲಿ ಸುರಂಗಗಳಿವೆ. ಮೇಲಿಂದ ಬಿದ್ದದ್ದು ಕೆಳಗೆ ಹರಡಿಕೊಳ್ಳಲು ಜಾಗ ಇದೆ. ಮೇಲೆ ನೀರು ಇಂಗಿದರೆ ಕತೆ ಮುಗಿಯಿತು. ಸೀಮೆಸುಣ್ಣ ಒಣಗಿದ್ದಾಗ ಗಟ್ಟಿ, ನೆನೆದರೆ ಮೆತ್ತಗಾಗುತ್ತದೆ.

ಮೇ ತಿಂಗಳಲ್ಲಿ ಬಾಯಿ ಬಿಟ್ಟ ಗುಂಡಿಗೆ ಬೇಲಿ ಹಾಕಿದರು, ಮುಚ್ಚಳ ಮಾಡಿದರು. ಆ ಚಳಿಗಾಲ ಇಂಗ್ಲೆಂಡಿನಲ್ಲಿ ವಿಪರೀತ ಮಳೆ. ಡಿಸೆಂಬರಿನಲ್ಲಿ ಗುಂಡಿಯ ಅಂಚುಗಳು ಕಳಚಿ ಬಿದ್ದವು. ಬಾವಿಯ ಬಾಯಿಯಷ್ಟಿದ್ದದ್ದು ಬಾಣಲೆಯಾಕಾರದ ದೊಡ್ಡ ಹೊಂಡವಾಯಿತು. ಸಾಲದ್ದಕ್ಕೆ ಕೆಲವರು ಬೇಲಿ ದಾಟಿ ಹಗ್ಗ ಬಿಟ್ಟುಕೊಂಡು ಒಳಗೆ ಇಳಿದೂ ಬಂದರು. ಜೀವಂತ ವಾಪಸ್ ಬಂದದ್ದು ಅವರ ಅದೃಷ್ಟ.

ಗುಡ್ಡದ ಉಸ್ತುವಾರಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದ್ದು. 2001ರಲ್ಲಿ ಅವರು ತುರ್ತಾಗಿ ಹೊಂಡಕ್ಕೆ ಥರ್ಮಾಕೋಲ್ ಬ್ಲಾಕುಗಳನ್ನು ತುಂಬಿಸಿ, ಮೇಲೆ ಸೀಮೆಸುಣ್ಣ ಹಾಸಿದರು. ಹೌದು, ಟಿವಿ, ಫ್ರಿಜ್ ಡಬ್ಬದೊಳಗೆ ಬರುವ ಅದೇ ಬಿಳಿ ಥರ್ಮಾಕೋಲ್. ಕೇಳಿದರೆ ನಗು ಬರುತ್ತದೆ. ಆದರೆ ಯೋಚನೆ ಸರಿಯಾಗಿಯೇ ಇತ್ತು. ಕೆಳಗೆ ಎಷ್ಟು ಟೊಳ್ಳಿದೆ ಗೊತ್ತಿಲ್ಲದಾಗ ಮೇಲೆ ಟನ್ನುಗಟ್ಟಲೆ ಕಲ್ಲು ಸುರಿದರೆ ಆ ಭಾರಕ್ಕೇ ಇನ್ನಷ್ಟು ಕುಸಿಯಬಹುದು. ಥರ್ಮಾಕೋಲಿಗೆ ಭಾರ ಇಲ್ಲ, ಅಂಚುಗಳಿಗೆ ಒತ್ತು ಕೊಡುತ್ತದೆ, ನಾಳೆ ತೆಗೆಯಲೂ ಬರುತ್ತದೆ. ತಾತ್ಕಾಲಿಕ ಅಂದರೆ ನಿಜವಾಗಿಯೂ ವಾಪಸ್ ತೆಗೆಯಲು ಬರುವಂತಿರಬೇಕು. ಆ ಮಟ್ಟಿಗೆ ಅವರಿಗೆ ಪೂರ್ತಿ ಅಂಕ.

ಏನು ಮಾಡುವುದು?

ಗುಡ್ಡಕ್ಕೆ ಕೊಳವೆ ಇಳಿಸಿ, ನೆಲದೊಳಗೆ ಕಂಪನ ಕಳಿಸಿ ಸರ್ವೇ ಮಾಡಿದರು. ಸ್ಕಾನ್ಸ್ಕಾ ಎಂಬ ನಿರ್ಮಾಣ ಕಂಪನಿ ಈ ಕೆಲಸ ಮಾಡಿತು. ಗಟ್ಟಿ ಕಲ್ಲಿನಲ್ಲಿ ಕಂಪನ ಬೇಗ ಹೋಗುತ್ತದೆ, ಸಡಿಲ ಜಾಗದಲ್ಲಿ ನಿಧಾನ. ಬಂದ ಚಿತ್ರದಲ್ಲಿ ಎರಡು ವಿಷಯ ಕಂಡವು. ಒಂದು, ಗುಡ್ಡದ ಒಟ್ಟು ಮೈ ಗಟ್ಟಿಯಾಗಿಯೇ ಇದೆ. ಇನ್ನೊಂದು, ಹಳೆಯ ಬಾವಿ ಮತ್ತು ಸುರಂಗಗಳ ಉದ್ದಕ್ಕೂ ದುರ್ಬಲ ಜಾಗಗಳಿವೆ. ಅಂದರೆ ಕಾಯಿಲೆ ಇದ್ದದ್ದು ಆಧುನಿಕರು ಕೈ ಇಟ್ಟ ಕಡೆ ಮಾತ್ರ.

ಬರೀ ಮೇಲಿನ ಹೊಂಡ ಮುಚ್ಚಿ ಬಿಡುವುದು ಸುಲಭದ ದಾರಿ. ಖರ್ಚೂ ಕಡಿಮೆ. ಆದರೆ ಕೆಳಗಿನ ಟೊಳ್ಳು ಹಾಗೇ ಉಳಿಯುತ್ತದೆ. 1968ರ ಉಕ್ಕಿನ ಕಮಾನು ಇನ್ನೆಷ್ಟು ದಿನ ತಡೆಯುತ್ತದೆ? ತುಕ್ಕು ಹಿಡಿದು ಅದು ಮುರಿದ ದಿನ ಮತ್ತೆ ಇದೇ ಕತೆ.

ಹೊರಗಿನಿಂದ ಪಂಪ್ ಹಾಕಿ ಸಿಮೆಂಟ್ ಗಾರೆ ತುಂಬಿಸಬಹುದಲ್ಲ? ಕೇಳಲು ಚೆನ್ನ. ಸಿಮೆಂಟ್ ಸೀಮೆಸುಣ್ಣಕ್ಕಿಂತ ಗಟ್ಟಿ. ಮೆತ್ತನೆಯ ಗುಡ್ಡದ ಹೊಟ್ಟೆಯಲ್ಲಿ ಕಲ್ಲಿನ ಬೊಡ್ಡೆ ಇಟ್ಟ ಹಾಗಾಗುತ್ತದೆ. ನೀರು ಇಂಗುವ ದಾರಿ ಬದಲಾಗುತ್ತದೆ. ಬೇಡ ಅಂದರೆ ವಾಪಸ್ ತೆಗೆಯಲು ಆಗದು. ಅದಕ್ಕಿಂತ ದೊಡ್ಡ ತೊಂದರೆ, ಕತ್ತಲಲ್ಲಿ ಸುರಿದ ಗಾರೆ ಎಲ್ಲಿಗೆ ಹೋಯಿತು, ಯಾವ ಮೂಲೆ ಖಾಲಿ ಉಳಿಯಿತು ಅಂತ ಯಾರಿಗೂ ಕಾಣದು.

ಉಳಿದದ್ದು ಒಂದೇ. ಅಟ್ಕಿನ್ಸನ್ ಸುರಂಗವನ್ನು ಮತ್ತೆ ತೆರೆದು, ಒಳಗೆ ಹೋಗಿ, ಕಣ್ಣಾರೆ ನೋಡಿ, ಕಮಾನು ಬಿಚ್ಚುತ್ತಾ ಹಿಂದೆ ಸರಿಯುತ್ತಾ ಸೀಮೆಸುಣ್ಣದಿಂದಲೇ ತುಂಬಿಕೊಂಡು ಬರುವುದು. ಗಾಯ ವಾಸಿ ಮಾಡಲು ಅದೇ ಗಾಯವನ್ನು ಮತ್ತೊಮ್ಮೆ ಬಿಡಿಸಬೇಕು. ಇದನ್ನು ಒಪ್ಪಲು ಬಹಳ ಜನರಿಗೆ ಮನಸ್ಸು ಬರಲಿಲ್ಲ. ಚರ್ಚೆ, ಸಮಾಲೋಚನೆ, ಹಣದ ಲೆಕ್ಕ ಅಂತ ವರ್ಷಗಳು ಉರುಳಿದವು. ಥರ್ಮಾಕೋಲ್ ಹೊತ್ತು ಗುಡ್ಡ ಎಷ್ಟು ದಿನ ಕೂರಬೇಕು ಅಂತ ಏವ್‌ಬರಿ ಕಡೆಯವರು, ಸ್ಮಾರಕಗಳ ಮೇಲೆ ಅಕ್ಕರೆ ಇದ್ದವರು ಗಲಾಟೆ ಮಾಡಿದರು. ಗಲಾಟೆಯಲ್ಲಿ ನ್ಯಾಯ ಇತ್ತು. ಆದರೆ 2001ರಲ್ಲೇ ಅವಸರಪಟ್ಟು ಸಿಮೆಂಟ್ ತುಂಬಿಸಿದ್ದರೆ ಇವತ್ತು ಬೇರೆಯದೇ ಗಲಾಟೆ ಇರುತ್ತಿತ್ತು. ತಡವಾಯಿತು ಅನ್ನೋದನ್ನು ಒಪ್ಪುತ್ತೇನೆ, ಆಯ್ಕೆ ತಪ್ಪು ಅನ್ನೋದನ್ನಲ್ಲ.

ಮತ್ತೆ ಒಳಗೆ

2007ರ ಮೇ ತಿಂಗಳಲ್ಲಿ 1968ರ ಬಾಗಿಲು ಮತ್ತೆ ತೆರೆಯಿತು. ಕೊರೆಯುವ, ಆಸರೆ ಕೊಡುವ ಕೆಲಸ ಸ್ಕಾನ್ಸ್ಕಾದ್ದು. ಜಿಮ್ ಲಿಯರಿ ಮುಂದಾಳತ್ವದ ಪುರಾತತ್ವ ತಂಡ ಅವರ ಜೊತೆ. ಒಳಗೆ ಹೋದವರಿಗೆ ಕಂಡದ್ದು ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು. ಕೆಲವು ಕಡೆ ಮಾಡು ಕಮಾನಿನ ಮೇಲೇ ಕುಸಿದು ಕೂತಿತ್ತು. ಅದರ ಮೇಲೆ ಟೊಳ್ಳು.

ಯೋಜನೆಯ ಪ್ರಕಾರ ಕೆಲಸ ಆ ವರ್ಷವೇ ಮುಗಿಯಬೇಕಿತ್ತು. ಆದರೆ 2007ರ ಬೇಸಿಗೆ ಇಂಗ್ಲೆಂಡನ್ನು ಮುಳುಗಿಸಿದ ಬೇಸಿಗೆ. ಜುಲೈನಲ್ಲಿ ಪಕ್ಕದ ಗ್ಲೌಸ್ಟರ್‌ಶೈರಿನ ಊರುಗಳಿಗೆ ನೀರು ನುಗ್ಗಿತು. ಇತ್ತ ಗುಡ್ಡದ ಒಳಗೆ ನೆನೆದ ಸೀಮೆಸುಣ್ಣ ಇನ್ನಷ್ಟು ಕಳಚಿತು. ಕೆಲಸ ನಿಲ್ಲಿಸಬೇಕಾಯಿತು. ಎಂಜಿನಿಯರುಗಳು ಕ್ರಮ ಬದಲಿಸಿದರು. ಎಂಜಿನಿಯರಿಗೆ ಬೇಗ ತುಂಬಿಸಿ ಹೊರಬರಬೇಕು, ಪುರಾತತ್ವದವರಿಗೆ ಗೋಡೆ ಇನ್ನೊಂದು ದಿನ ನೋಡಬೇಕು. ಇಂಥ ಜಾಗದಲ್ಲಿ ಎರಡೂ ನ್ಯಾಯವೇ. ಕೊನೆಗೆ 2008ರ ವಸಂತದಲ್ಲಿ ಸುರಂಗ ತುಂಬಿತು. ನೆತ್ತಿಯ ಥರ್ಮಾಕೋಲ್ ತೆಗೆದು ಅಲ್ಲಿಗೂ ಸೀಮೆಸುಣ್ಣ ತುಂಬಿಸಿ, ಮೇಲೆ ಹುಲ್ಲು ಹೊದಿಸಿದರು.

ಹುಲ್ಲಿನ ಮಾತು ಸಣ್ಣದಲ್ಲ. ಸಿಲ್ಬರಿಯ ಮೈಮೇಲಿನ ಹುಲ್ಲುಗಾವಲಿಗೇ ಬೇರೆ ಕಾನೂನಿನ ರಕ್ಷಣೆ ಇದೆ. ಸೀಮೆಸುಣ್ಣದ ನೆಲದಲ್ಲಿ ಮಾತ್ರ ಬೆಳೆಯುವ ಗಿಡಗಳು ಅಲ್ಲಿವೆ. ಗುಡ್ಡ ಹತ್ತಲು ಬಿಡದಿರುವುದಕ್ಕೆ ಸವೆತ ಒಂದು ಕಾರಣ, ಇದು ಇನ್ನೊಂದು. ಕದ್ದು ಹತ್ತುವವರು 2000ಕ್ಕಿಂತ ಮೊದಲೂ ಇದ್ದರು, ಆಮೇಲೂ ಇದ್ದಾರೆ.

ಸುರಂಗದ ಗೋಡೆಯಲ್ಲಿ ಕಂಡದ್ದು

ಹೊಸದಾಗಿ ಅಗೆಯುವುದಲ್ಲ, ಆಗಲೇ ಕೊಯ್ದಿಟ್ಟ ಗೋಡೆಯನ್ನು ಸರಿಯಾಗಿ ಓದುವುದು ತಂಡದ ಕೆಲಸವಾಗಿತ್ತು. ಮೂರು ಹಂತ ಅನ್ನುವ ಅಟ್ಕಿನ್ಸನ್ ಲೆಕ್ಕ ಅಲ್ಲಿ ಉಳಿಯಲಿಲ್ಲ.

ಶುರುವಾದದ್ದು ಒಂದು ಚಿಕ್ಕ ಜಲ್ಲಿಯ ಗುಪ್ಪೆಯಿಂದ. ಎತ್ತರ ಒಂದು ಮೀಟರೂ ಇಲ್ಲ, ಒಬ್ಬರು ಕಾಲೆತ್ತಿ ದಾಟಬಹುದಾದಷ್ಟು. ಅದರ ಮೇಲೆ ಹುಲ್ಲುಹೆಂಟೆ, ಮಣ್ಣು, ಕೆಸರು. ಸುತ್ತ ಗೂಟಗಳ ಸಾಲು. ಪಕ್ಕದಲ್ಲಿ ಇನ್ನೂ ಕೆಲವು ಚಿಕ್ಕ ಗುಪ್ಪೆಗಳು. ಆ ಮಣ್ಣಿನಲ್ಲೇ ಗುಂಡಿ ತೋಡಿದ್ದಾರೆ, ಮತ್ತೆ ಮುಚ್ಚಿದ್ದಾರೆ. ಆಮೇಲೆ ಸುತ್ತ ಕಂದಕ ತೋಡಿ ಸೀಮೆಸುಣ್ಣದ ಏರಿ ಹಾಕಿದ್ದಾರೆ. ಕಂದಕ ತುಂಬಿಸಿ, ಇನ್ನೂ ಹೊರಗೆ ಮತ್ತೊಂದು ಕಂದಕ ತೋಡಿದ್ದಾರೆ. ಹೀಗೆ ಮತ್ತೆ ಮತ್ತೆ. ಇಂಗಾಲದ ಕಾಲಗಣನೆ ಪ್ರಕಾರ ಇದೆಲ್ಲ ಹೆಚ್ಚೆಂದರೆ ನೂರು ವರ್ಷದ ಸುಮಾರಿನ ಕೆಲಸ. ಮೂರು, ನಾಲ್ಕು ತಲೆಮಾರು.

ಇದನ್ನು ಒಂದು ಕ್ಷಣ ಯೋಚಿಸಿ. ಮೊದಲ ಜಲ್ಲಿ ಸುರಿದವರಿಗೆ 30 ಮೀಟರ್ ಗುಡ್ಡದ ಕಲ್ಪನೆಯೇ ಇರಲಿಕ್ಕಿಲ್ಲ. ನಕ್ಷೆ ಇರಲಿಲ್ಲ. ಕಟ್ಟಿ ಮುಗಿಸುವುದಕ್ಕಿಂತ ಕಟ್ಟುತ್ತಾ ಇರುವುದೇ ಅವರಿಗೆ ಮುಖ್ಯವಾಗಿತ್ತೇನೋ ಅಂತ ಅಗೆದವರು ಹೇಳುತ್ತಾರೆ. ನನಗೆ ಇದು ರಾಜನ ಸಮಾಧಿಯ ಕತೆಗಿಂತ ಜಾಸ್ತಿ ನಂಬುವಂತೆ ಕಾಣುತ್ತದೆ. ಊರ ಜಾತ್ರೆಯನ್ನು ಯಾಕೆ ಮಾಡುತ್ತೀರಿ ಅಂತ ಕೇಳಿದರೆ ಮಾಡುವವರು ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ, ಆದರೆ ಪ್ರತಿ ವರ್ಷ ಸೇರುತ್ತಾರೆ.

ಹುಲ್ಲುಹೆಂಟೆಗಳ ಒಳಗೆ ಜೀರುಂಡೆಯ ರೆಕ್ಕೆಚೂರು, ಇರುವೆ, ಪಾಚಿ, ಬೀಜಗಳು ಸಿಕ್ಕವು. ಮೇಲೆ ಬಿದ್ದ ಭಾರಕ್ಕೆ ಗಾಳಿ ಒಳಬರದೆ ಕೊಳೆಯದೆ ಉಳಿದವು. ಆ ಜಾಗ ದಟ್ಟ ಕಾಡಾಗಿರಲಿಲ್ಲ, ದನ ಕುರಿ ಮೇಯುತ್ತಿದ್ದ ಬಯಲಾಗಿತ್ತು ಅಂತ ಇವು ಸಾಕ್ಷಿ ಹೇಳುತ್ತವೆ. ಚಿನ್ನ ಸಿಕ್ಕಿದ್ದರೂ ಇಷ್ಟು ವಿಷಯ ಗೊತ್ತಾಗುತ್ತಿರಲಿಲ್ಲ.

ನೆತ್ತಿಯ ವಿಷಯದಲ್ಲೂ ಒಂದು ತಿದ್ದುಪಡಿ. ಈಗ ಕಾಣುವ ಚಪ್ಪಟೆ ತುದಿ ಮೊದಲಿನಿಂದ ಇದ್ದದ್ದಲ್ಲ. ಮೊದಲು ಗುಂಡಗಿತ್ತು, ಮಧ್ಯಯುಗದಲ್ಲಿ ಯಾರೋ ಕಡಿದು ಸಮ ಮಾಡಿ ಮೇಲೆ ಕಟ್ಟಡ ನಿಲ್ಲಿಸಿದ್ದರು ಅನ್ನುವುದು ಈಗಿನ ಅಭಿಪ್ರಾಯ. ಬುಡದ ಹತ್ತಿರ ರೋಮನ್ ಕಾಲದ ಊರೊಂದು ಇದ್ದದ್ದೂ 2007ರಲ್ಲಿ ಗೊತ್ತಾಯಿತು. ಅಗೆದಲ್ಲ, ನೆಲದ ಮೇಲೆ ಯಂತ್ರ ಆಡಿಸಿ.

ಅಕ್ಕಪಕ್ಕದ ಎರಡು ದಿಬ್ಬ

ಸಿಲ್ಬರಿಯ ಹಣೆಬರಹ ಇನ್ನೂ ಕೆಟ್ಟದಿರಬಹುದಿತ್ತು. ದಕ್ಷಿಣಕ್ಕೆ, ಪ್ಯೂಸಿ ಕಣಿವೆಯ ಮಾರ್ಡನ್‌ನಲ್ಲಿ ಹ್ಯಾಟ್‌ಫೀಲ್ಡ್ ಬ್ಯಾರೋ ಅಂತ ಇನ್ನೊಂದು ದೊಡ್ಡ ದಿಬ್ಬ ಇತ್ತು. 19ನೇ ಶತಮಾನದ ಮೊದಲ ದಶಕದಲ್ಲಿ ಕನಿಂಗ್ಟನ್ ಮತ್ತು ಕೋಲ್ಟ್ ಹೋರ್ ಎಂಬ, ಹಳೆಯ ದಿಬ್ಬಗಳನ್ನು ಅಗೆಸುವುದರಲ್ಲಿ ಹೆಸರಾಂತ ಜೋಡಿ ಅದನ್ನು ನಡುವಿನಿಂದ ಅಗೆಸಿತು. ಅಗೆದ ಬಾವಿ ಕುಸಿಯಿತು. ಇನ್ನು ಈ ದಿಬ್ಬ ಯಾಕೆ ಅಂತ ಕೆಲವೇ ವರ್ಷಗಳಲ್ಲಿ ಅದನ್ನು ಸಮ ಮಾಡಿಬಿಟ್ಟರು. ಈಗ ಅಲ್ಲಿ ಬರೀ ಬಯಲು.

ಪೂರ್ವಕ್ಕೆ, ಸುಮಾರು 8 ಕಿಲೋಮೀಟರ್ ದೂರದ ಮಾರ್ಲ್‌ಬರೋ ಪಟ್ಟಣದಲ್ಲಿ ಇನ್ನೊಂದು ದಿಬ್ಬ ಇದೆ, ಶಾಲೆಯೊಂದರ ಆವರಣದೊಳಗೆ. ನಾರ್ಮನ್ ರಾಜರು ಅದರ ಮೇಲೆ ಕೋಟೆ ಕಟ್ಟಿದ್ದರು, ಹಾಗಾಗಿ ಮಧ್ಯಯುಗದ ದಿಬ್ಬವೇ ಇರಬೇಕು ಅಂತ ಬಹಳ ಜನರ ನಂಬಿಕೆ. ಸಿಲ್ಬರಿಯ ತಮ್ಮ ಇರಬಹುದಾ ಅಂತ ಅನುಮಾನಪಟ್ಟವರೂ ಇದ್ದರು. 2010ರಲ್ಲಿ ಅದನ್ನು ಪರೀಕ್ಷೆ ಮಾಡಿದರು. ಅದರಲ್ಲೂ ಲಿಯರಿ ಇದ್ದರು. ಈ ಸಲ ಬಾವಿ ಇಲ್ಲ, ಸುರಂಗ ಇಲ್ಲ, ಟಿವಿಯವರೂ ಇಲ್ಲ. ನೆತ್ತಿಯಿಂದ ಬುಡದವರೆಗೆ ಎರಡು ಸಪೂರ ಕೊಳವೆ ಇಳಿಸಿ ಒಳಗಿನ ಮಣ್ಣನ್ನು ಕಡ್ಡಿಯ ಹಾಗೆ ಹೊರತೆಗೆದರು. ಅದರಲ್ಲಿ ಸಿಕ್ಕ ಇದ್ದಿಲಿನ ಚೂರುಗಳ ಕಾಲ ನೋಡಿದಾಗ ಬಂದದ್ದು ಕ್ರಿ.ಪೂ. 2400ರ ಸುಮಾರು. ಸಿಲ್ಬರಿಯದೇ ವಯಸ್ಸು. 1776ರಿಂದ ಸಿಲ್ಬರಿಯ ಹೊಟ್ಟೆ ಬಗೆದು ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವಾದ ಒಂದಕ್ಕೆ, ಯಾವ ಕಾಲದ್ದು ಅನ್ನುವುದಕ್ಕೆ, ಇಲ್ಲಿ ಅಷ್ಟರಲ್ಲೇ ಉತ್ತರ ಸಿಕ್ಕಿತು.